ಇಪ್ಪತ್ತು ನಿಮಿಷದ ನಿಯಮ

"ಅರ್ಥ ಆಯ್ತಾ?"

"ಆಯ್ತು ಸರ್."

"ಹಾಗಾದ್ರೆ ಒಮ್ಮೆ ನನಗೆ ವಿವರಿಸಿ, ನೋಡುವ."

ಆಡುತ್ತಿದ್ದ ಸಾಧನಾಳ ತಲೆ ಗಕ್ಕನೆ ನಿಂತಿತು!

ವಿವರಿಸುವುದೇ? ಏನನ್ನು? ಕಳೆದ ಅರ್ಧ ಗಂಟೆಯಿಂದ ಈ ಮನುಷ್ಯ ಬೋರ್ಡಿನ ಮೇಲೆ ಗೆರೆ, ಬಾಣ, ಚೌಕ ಎಳೆಯುತ್ತಲೇ ಇದ್ದ. ಅವಳು ತಲೆಯಾಡಿಸುತ್ತಲೇ ಇದ್ದಳು. ನಿಜ ಹೇಳಬೇಕೆಂದರೆ ಎರಡನೆಯ ಬಾಣಕ್ಕೇ ಅವಳಿಗೆ ದಾರಿ ತಪ್ಪಿತ್ತು.

ಅದು ಅವಳ ಮೊದಲ ಕೆಲಸದ ಮೊದಲ ದಿನ. ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರು, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹದಿನೇಳು ಜನರ ಪುಟ್ಟ ಸಾಫ್ಟ್‌ವೇರ್ ಕಂಪನಿ. ಜರ್ಮನಿಯಲ್ಲಿ ಮೇಜು ಕುರ್ಚಿ ಮಾರುವ ಕಂಪನಿಯೊಂದರ ವೆಬ್‌ಸೈಟ್ ಇಲ್ಲಿಂದ ನಡೆಯುತ್ತದೆ ಎಂದರೆ ಕೆಳಗಿನ ಬಟ್ಟೆ ಅಂಗಡಿಯವರೇ ನಂಬುತ್ತಿರಲಿಲ್ಲ. ಆ ಕೆಲಸದ ತಂಡ ನಡೆಸುವ ಲೀಡ್ ಈ ಜಿನೇಶ್. ಬೆಳ್ತಂಗಡಿಯಿಂದ ದಿನಾ ಬೈಕಿನಲ್ಲಿ ಬರುವವನು, ನಗುವುದಕ್ಕೂ ಮೊದಲೇ ಅರ್ಜಿ ಹಾಕಬೇಕೇನೋ ಎಂಬಂಥ ಮುಖದವನು.

"ಹೇಳಿ, ಸಾಧನಾ."

"ಅದು... ಗ್ರಾಹಕರು ಆರ್ಡರ್ ಮಾಡಿದ ಮೇಲೆ..."

ಅಷ್ಟೇ. ಸುತ್ತ ಕೀಬೋರ್ಡುಗಳ ಸದ್ದೂ ನಿಂತಂತಾಯಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡಳು. ಕಣ್ಣು ತುಂಬಿ ಬಂತು.

"ಅರ್ಥ ಆಗದಿದ್ರೆ ಆಗ್ಲಿಲ್ಲ ಅಂತ ಹೇಳಿ. ಅದು ತಪ್ಪಲ್ಲ," ಎಂದ ಜಿನೇಶ್. "ಆಗದೆ ಆಯ್ತು ಅಂತ ಹೇಳ್ತೀರಲ್ಲ, ಅದು ತಪ್ಪು."

ಮೇಜಿನ ಮೇಲಿದ್ದ ಹಳದಿ ಚೀಟಿಯೊಂದನ್ನು ಕಿತ್ತು, ಏನೋ ಬರೆದು, ಅವಳ ಕಂಪ್ಯೂಟರಿನ ಅಂಚಿಗೆ ಅಂಟಿಸಿದ. '೨೦ ನಿಮಿಷ. ಆಮೇಲೆ ಕೇಳಿ.'

"ಎಲ್ಲಿಯಾದ್ರೂ ಸಿಕ್ಕಿಬಿದ್ರೆ ಇಪ್ಪತ್ತು ನಿಮಿಷ ನೀವೇ ಪ್ರಯತ್ನ ಮಾಡಿ. ಏನೇನು ಮಾಡಿದ್ರಿ ಅಂತ ಪುಸ್ತಕದಲ್ಲಿ ಬರೀರಿ. ಅದಕ್ಕೆ ಮೊದಲು ಬಂದ್ರೆ ನಾನು ಹೇಳಿಕೊಡುವುದಿಲ್ಲ. ಆಮೇಲೂ ಬಾರದಿದ್ರೆ ಬೈತೇನೆ."

'ದುರಹಂಕಾರಿ!' ಎಂದು ಮನಸ್ಸಿನಲ್ಲೇ ಬೈದುಕೊಂಡಳು ಸಾಧನಾ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಪಕ್ಕದ ಸೀಟಿನ ಫರ್ಹಾನಳ ಎದುರು ಬಾಯಿ ಬಿಟ್ಟೂ ಬೈದಳು.

ಪಾಣೆಮಂಗಳೂರಿನ ಫರ್ಹಾನ ನಕ್ಕುಬಿಟ್ಟಳು. "ನನಗೂ ಹೀಗೇ ಮಾಡಿದ್ದು ಮಾರಾಯ್ತಿ! ನಾನು ಅತ್ತು ಅತ್ತು ಶಾಲು ಒದ್ದೆ ಮಾಡಿಕೊಂಡಿದ್ದೆ. ನೀನು ಗಟ್ಟಿ ಇದ್ದೀ. ಆದ್ರೆ ಒಂದು ಮಾತು ಹೇಳ್ತೇನೆ, ಅವರು ಕೇಳಿದವರಿಗೆ ಯಾವತ್ತೂ ಬೈದದ್ದಿಲ್ಲ."

*

ಸಾಧನಾಳ ತಪ್ಪೂ ಅಲ್ಲ ಬಿಡಿ. ಮೂಡುಬಿದಿರೆಯಲ್ಲಿ ಶಾಲೆಯಿಂದ ಇಂಜಿನಿಯರಿಂಗ್ ಮುಗಿಯುವವರೆಗೂ ಅವಳು 'ಬಹಳ ಒಳ್ಳೆಯ ಹುಡುಗಿ' ಎನಿಸಿಕೊಂಡದ್ದೇ ಪ್ರಶ್ನೆ ಕೇಳದೆ. ಹೇಳಿದ್ದಕ್ಕೆ ಆಯ್ತು ಎನ್ನುವುದು, ಆಮೇಲೆ ಮನೆಯಲ್ಲಿ ಒಬ್ಬಳೇ ಕುಳಿತು ಒದ್ದಾಡುವುದು. ಹಿರಿಯರಿಗೆ ಅದು ವಿನಯದ ಹಾಗೆ ಕಾಣುತ್ತಿತ್ತು. ಅದರ ಒಳಗೆ ಇದ್ದದ್ದು ಬರೀ ಹೆದರಿಕೆ ಎಂದು ಅವಳಿಗೆ ಮಾತ್ರ ಗೊತ್ತಿತ್ತು.

ಈಗ ಪುಸ್ತಕ ಬಂತು. ಎಲ್ಲಿ ಸಿಕ್ಕಿಬಿದ್ದೆ, ಏನು ಪ್ರಯತ್ನಿಸಿದೆ, ಕೊನೆಗೆ ಏನು ತಿಳಿಯಿತು. ದಿನಾ ಆಫೀಸು ಬಿಡುವ ಮೊದಲು ಬರೆಯತೊಡಗಿದಳು. ಮೊದಲ ವಾರ ಜಿನೇಶನ ಮೇಜಿನ ತನಕ ಹೋಗಿ ಎರಡು ಸಲ ಕೇಳದೆ ಮರಳಿದಳು. ಎರಡನೆಯ ತಿಂಗಳಲ್ಲಿ ಪ್ರಶ್ನೆಗಳಿಗೆ ಧೈರ್ಯ ಬಂತು. ವರ್ಷ ಕಳೆಯುವುದರೊಳಗೆ, ಬರೆಯುತ್ತಿರುವಾಗಲೇ ಉತ್ತರ ಹೊಳೆದು ಅರ್ಧದಲ್ಲಿ ಎದ್ದು ಬರುವುದೂ ಉಂಟಾಯಿತು. ಹೊಸಬರು ಅವಳನ್ನೇ ಕೇಳಲು ಬರತೊಡಗಿದರು.

ಆಮೇಲೆ ಆ ಜನವರಿ ಬಂತು...

ಸಾಧನಾ ಒಂದು ಗುಂಡಿ ತಪ್ಪಾಗಿ ಒತ್ತಿದ್ದು. ನಾಲ್ಕು ಸಾವಿರ ಗ್ರಾಹಕರಿಗೆ 'ನಿಮ್ಮ ಆರ್ಡರ್ ರದ್ದಾಗಿದೆ' ಎಂಬ ಇಮೇಲ್ ಹೋಗಿಬಿಟ್ಟಿತು! ಇಪ್ಪತ್ತಲ್ಲ, ಎರಡೇ ನಿಮಿಷಕ್ಕೆ ಓಡಿದಳು.

"ಸರ್, ನನ್ನಿಂದ ದೊಡ್ಡ ತಪ್ಪಾಯ್ತು."

ಜಿನೇಶ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತ. ಬೈಯಲಿಲ್ಲ. ನಿಟ್ಟುಸಿರೂ ಬಿಡಲಿಲ್ಲ. "ಮೊದಲು ಸರಿ ಮಾಡುವ," ಎಂದಷ್ಟೇ ಹೇಳಿದ. ಮೂರು ಗಂಟೆ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು. ಎಲ್ಲ ಸರಿಯಾದ ಮೇಲೆ, "ಈಗ ಬರೀರಿ. ಯಾರು ಮಾಡಿದ್ದು ಅಂತ ಬೇಡ, ಹೇಗೆ ಆಯ್ತು ಅಂತ ಬರೀರಿ. ಮುಂದೆ ಯಾರಿಗೂ ಆಗಬಾರದು," ಎಂದ.

ಬರೆಯುತ್ತಾ ಬರೆಯುತ್ತಾ ಸಾಧನಾ ತಲೆ ಎತ್ತಿ ಅವನನ್ನು ನೋಡಿದಳು. ಅವನು ಜರ್ಮನಿಗೆ ಫೋನಿನಲ್ಲಿ, "ನಮ್ಮ ತಂಡದಿಂದ ತಪ್ಪಾಗಿದೆ," ಎನ್ನುತ್ತಿದ್ದ. ಅವಳ ಹೆಸರು ಎಲ್ಲಿಯೂ ಬರಲಿಲ್ಲ.

'ಅಯ್ಯೋ ದೇವರೇ... ನನಗೆ ಇವರು ಇಷ್ಟ!'

*

ಮಾರ್ಚ್ ಬಂತು. ವರ್ಷದ ರಿವ್ಯೂ ಕಾಲ. ಪ್ರತಿಯೊಬ್ಬರ ಕೆಲಸದ ಬಗ್ಗೆ ಅವರ ಲೀಡ್ ಒಂದು ಪುಟ ಬರೆಯಬೇಕು, ಬಡ್ತಿ ಅದರ ಮೇಲೆ. ಈ ಸಲ ಸೀನಿಯರ್ ಹುದ್ದೆಯೊಂದು ಖಾಲಿ ಇತ್ತು. ಸಾಧನಾಳಿಗೆ ಅದು ಬೇಕಿತ್ತು. ತುಂಬಾ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಜಿನೇಶ್ ತನ್ನ ಬಗ್ಗೆ ಆ ಪುಟದಲ್ಲಿ ಏನು ಬರೆಯುತ್ತಾನೆ ಎಂದು ಓದಬೇಕಿತ್ತು.

ಕಂಪನಿಯ ಒಡತಿ ವಸುಧಾ ಮೇಡಂ ಒಳಗೆ ಕರೆದರು.

"ಸಾಧನಾ, ಈ ವರ್ಷ ನಿನ್ನ ರಿವ್ಯೂ ನಾನೇ ಮಾಡ್ತೇನೆ. ಈ ವಾರ ಅಲ್ಲ, ಮುಂದಿನ ವಾರದ ಗುರುವಾರ."

"ಜಿನೇಶ್ ಸರ್ ಮಾಡುವುದಲ್ವಾ ಮೇಡಂ?"

"ಅವನು ಬರೆಯಲಿಕ್ಕೆ ಒಪ್ಪಲಿಲ್ಲ. ತನ್ನನ್ನು ಬೇರೆ ಟೀಮಿಗೆ ಹಾಕಿ ಅಂತಲೂ ಕೇಳಿದ್ದಾನೆ." ಮೇಡಂ ಅವಳ ಮುಖವನ್ನೇ ನೋಡಿದರು. "ಕಾರಣ ಅವನು ಹೇಳಬೇಕಾದ್ದು. ಅವನನ್ನೇ ಕೇಳು."

ಸಾಧನಾ ಹೊರಗೆ ಬಂದದ್ದು ಹೇಗೆಂದು ಅವಳಿಗೇ ತಿಳಿಯಲಿಲ್ಲ.

'ಒಂದು ಪುಟ ಬರೆಯಲಿಕ್ಕೂ ನಾನು ಯೋಗ್ಯಳಲ್ಲವಾ? ಆ ಇಮೇಲಿನ ತಪ್ಪು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರಾ? ನನ್ನ ಜೊತೆ ಕೆಲಸ ಮಾಡುವುದೇ ಬೇಡವಾಗಿ ಟೀಮ್ ಬಿಡುವಷ್ಟು...?'

ಕೇಳಬಹುದಿತ್ತು. ಹತ್ತು ಹೆಜ್ಜೆ ಆಚೆ ಅವನು ಕುಳಿತಿದ್ದ. ಆದರೆ ನಮ್ಮ ಸಾಧನಾ ಕೇಳಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ ಹಳೆಯ ಸಾಧನಾ ಮರಳಿ ಬಂದಳು.

ಮರುದಿನ ಜಿನೇಶ್ ತನ್ನ ಕೆಲಸ ಒಪ್ಪಿಸಲು ಬಂದ. "ಈ ಭಾಗ ಅರ್ಥ ಆಯ್ತಾ?"

"ಆಯ್ತು ಸರ್."

"ನಿಜವಾಗಿ?"

"ಆಯ್ತು ಅಂತ ಹೇಳಿದೆನಲ್ಲ ಸರ್."

ಅವನ ಮುಖ ಬಾಡಿದ್ದು ಅವಳಿಗೆ ಕಾಣಲಿಲ್ಲ. ಕಾಣಬೇಕಾದರೆ ತಲೆ ಎತ್ತಬೇಕಿತ್ತಲ್ಲ!

ಜನವರಿಯಿಂದಲೂ ಮಂಗಳೂರಿನ ಕಂಪನಿಯೊಂದು ಅವಳನ್ನು ಕರೆಯುತ್ತಲೇ ಇತ್ತು. ಆ ವಾರ ಸಂದರ್ಶನಕ್ಕೆ ಒಪ್ಪಿಕೊಂಡಳು. ಕೆಲಸ ಸಿಕ್ಕಿತು. ಶುಕ್ರವಾರದೊಳಗೆ ಉತ್ತರ ಕೊಡಿ ಎಂದರು.

ಗುರುವಾರ ಬಂತು. ವಸುಧಾ ಮೇಡಂ ಅವಳು ಬರೆದು ತುಂಬಿಸಿದ್ದ ಎರಡು ಪುಸ್ತಕಗಳನ್ನೂ ಮುಂದಿಟ್ಟುಕೊಂಡು ಒಂದೊಂದೇ ಪುಟ ತಿರುವಿದರು. ಪ್ರಶ್ನೆಯ ಮೇಲೆ ಪ್ರಶ್ನೆ. ಗೊತ್ತಿದ್ದದ್ದಕ್ಕೆ ಉತ್ತರಿಸಿದಳು. ಗೊತ್ತಿಲ್ಲದ್ದಕ್ಕೆ, "ಗೊತ್ತಿಲ್ಲ ಮೇಡಂ, ನೋಡಿ ಹೇಳ್ತೇನೆ," ಎಂದಳು. ನಾಲ್ಕು ಸಾವಿರ ಇಮೇಲಿನ ಪುಟದ ಮೇಲೆ ಮೇಡಂ ಬೆರಳಿಟ್ಟರು.

"ತಪ್ಪು ಮಾಡಿದ ದಿನವೇ ಇಷ್ಟು ಅಚ್ಚುಕಟ್ಟಾಗಿ ಬರೆದವರನ್ನು ನಾನು ನೋಡಿಲ್ಲ. ಸೀನಿಯರ್ ಹುದ್ದೆ ನಿನಗೆ. ಇದು ಪೂರ್ತಿ ನಿನ್ನ ಕೈಯ ಸಂಪಾದನೆ, ತಿಳಿದುಕೋ."

ಕುಣಿಯಬೇಕಾದ ಹೊತ್ತು! ಆದರೆ ಸಾಧನಾ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದು ಸೀದಾ ಬಸ್ಸು ಹತ್ತಿದಳು.

*

"ಸಿದ್ಧಕಟ್ಟೆ, ಮೂಡುಬಿದಿರೆ! ಸಿದ್ಧಕಟ್ಟೆ, ಮೂಡುಬಿದಿರೆ!" ಕಂಡಕ್ಟರ್ ಕೂಗುತ್ತಿದ್ದ. ಗಂಟೆ ಐದು ಇಪ್ಪತ್ತು. ಬಸ್ಸು ಹೊರಡುವುದು ಐದು ನಲವತ್ತಕ್ಕೆ.

ಅಭ್ಯಾಸಬಲ ನೋಡಿ, ಅವಳು ಪುಸ್ತಕ ತೆಗೆದಳು.

ಎಲ್ಲಿ ಸಿಕ್ಕಿಬಿದ್ದೆ: ಅವರು ನನ್ನ ರಿವ್ಯೂ ಯಾಕೆ ಬರೆಯಲಿಲ್ಲ?

ಏನು ಪ್ರಯತ್ನಿಸಿದೆ: ಹನ್ನೊಂದು ದಿನ ಮಾತಾಡದೆ ಕುಳಿತೆ. ಬೇರೆ ಕೆಲಸ ಹುಡುಕಿದೆ. ಅತ್ತದ್ದೂ ಆಯಿತು.

ಪುಸ್ತಕದ ರಟ್ಟಿನ ಒಳಬದಿಗೆ ಅಂಟಿಸಿದ್ದ ಹಳದಿ ಚೀಟಿ ಅವಳನ್ನೇ ನೋಡುತ್ತಿತ್ತು. '೨೦ ನಿಮಿಷ. ಆಮೇಲೆ ಕೇಳಿ.'

'ಕೇಳದೆ ಮಂಗಳೂರಿಗೆ ಹೋದರೆ ಜೀವನಪೂರ್ತಿ ಇದೇ ಪುಟದಲ್ಲಿ ಇರುತ್ತೇನೆ...'

"ರೈಟ್, ಪೋಯಿ!" ಕಂಡಕ್ಟರ್ ಸೀಟಿ ಊದುವುದಕ್ಕೂ ಸಾಧನಾ ಕೆಳಗೆ ಹಾರುವುದಕ್ಕೂ ಸರಿಹೋಯಿತು.

ಆಫೀಸಿನಲ್ಲಿ ಉಳಿದದ್ದು ಇಬ್ಬರೇ. ಏದುಸಿರು ಬಿಡುತ್ತಾ ನಿಂತ ಸಾಧನಾಳನ್ನು ನೋಡಿದ್ದೇ ತಡ, ಫರ್ಹಾನ ನೀರು ತುಂಬಿಸಲು ಬಾಟಲಿ ಹಿಡಿದು ಹೊರಗೆ ಹೋದಳು. ಬಾಟಲಿ ತುಂಬಿಯೇ ಇತ್ತು.

"ಸರ್, ನನ್ನ ಇಪ್ಪತ್ತು ನಿಮಿಷ ಮುಗಿಯಿತು. ಕೇಳಲಿಕ್ಕೆ ಬಂದದ್ದು."

ಜಿನೇಶ್ ಎದ್ದು ನಿಂತ. "ಕೇಳಿ."

"ನನ್ನ ರಿವ್ಯೂ ಯಾಕೆ ಬರೆಯಲಿಲ್ಲ?"

"ನಾನು ಬರೆದ್ರೆ ಅದು ನ್ಯಾಯ ಆಗ್ಲಿಕ್ಕಿಲ್ಲ."

"ನನ್ನ ಕೆಲಸ ಅಷ್ಟು ಕೆಟ್ಟದಾಗಿ ಉಂಟಾ?"

"ಅಯ್ಯೋ, ಕೆಲಸ ಅಲ್ಲ ಸಾಧನಾ!" ಅವನ ಧ್ವನಿ ಮೊದಲ ಬಾರಿಗೆ ಏರಿತು. "ಹದಿನೇಳು ಜನರ ಆಫೀಸು ಇದು. ನಾಳೆ ಜಿನೇಶ್ ಬರೆದುಕೊಟ್ಟ ಕಾರಣ ಹುದ್ದೆ ಸಿಕ್ಕಿತು ಅಂತ ಒಬ್ಬರೂ ಹೇಳಬಾರದು."

"ಎಲ್ಲರದ್ದೂ ನೀವೇ ಬರೆಯುವುದಲ್ವಾ?"

"ಎಲ್ಲರ ವಿಷಯ ಬೇರೆ... ನಿಮ್ಮ ವಿಷಯ ಬೇರೆ."

ಅವಳಿಗೆ ತಿಳಿದಂತೆಯೇ ಇತ್ತು. ಆದರೂ ಅವಳು ಈ ಸಲ ಆಯ್ತು ಎನ್ನಲಿಲ್ಲ.

"ಅರ್ಥ ಆಗ್ಲಿಲ್ಲ ಸರ್. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ."

ಆಫೀಸಿನೊಳಗೆ ಜಿನೇಶ್ ಯಾವತ್ತೂ ಅಳೆದು ತೂಗಿ ಕನ್ನಡವನ್ನೇ ಆಡುವವನು. ತುಳು ಅವನಿಗೆ ಮನೆಯ ಮಾತು. ಆ ಸಂಜೆ ಅವನಿಗೆ ಆ ಕನ್ನಡ ಕೈಕೊಟ್ಟಿತು.

"ಎಂಕ್ ಈರ್ ಬೋಡು, ಸಾಧನಾ."

ನನಗೆ ನೀವು ಬೇಕು. ಅಷ್ಟೇ!

ಹನ್ನೊಂದು ದಿನದ ಅಳು ಮತ್ತೊಮ್ಮೆ ಬಂತು. ಆದರೆ ಇದು ಬೇರೆ ಅಳು.

"ಯಾವಾಗಿನಿಂದ?"

"ನವೆಂಬರಿನಿಂದ. ಜರ್ಮನಿಯವರ ಮೀಟಿಂಗ್ ಆಗ ಐದೂವರೆಗೆ ಇತ್ತು. ಮುಗಿಯುವಾಗ ಸೂರ್ಯ ಮುಳುಗಿಯಾಗಿತ್ತು. ನೀವು ಊಟದ ಡಬ್ಬಿ ತೆರೆದು, ಕಿಟಕಿ ನೋಡಿ, ಹಾಗೆಯೇ ಮುಚ್ಚಿ ಬ್ಯಾಗಿಗೆ ಹಾಕಿದ್ರಿ. ಯಾರ ಹತ್ತಿರವೂ ಒಂದು ಮಾತು ಹೇಳಲಿಲ್ಲ."

ಸಾಧನಾಳಿಗೆ ನೆನಪಾಯಿತು. ಕತ್ತಲಾದ ಮೇಲೆ ಉಣ್ಣದ ಜೈನರ ಮನೆ ಅವಳದು. ಊರು ತಲುಪುವಾಗ ಹೊತ್ತು ಮುಳುಗುತ್ತದೆಂದು ಅಮ್ಮ ರಾಜೀವಿ ದಿನಾ ಎರಡು ಡಬ್ಬಿ ಕಟ್ಟುತ್ತಿದ್ದರು. ಆ ದಿನ ಅವಳು ಉಪವಾಸ ಮಲಗಿದ್ದಳು. ಮರುವಾರವೇ ಮೀಟಿಂಗ್ ನಾಲ್ಕು ಗಂಟೆಗೆ ಬದಲಾಗಿತ್ತು.

"ಜರ್ಮನಿಯವರಿಗೆ ಊಟದ ಹೊತ್ತು ಆಗ್ತದೆ, ಅದಕ್ಕೆ ಬದಲಿಸಿದ್ದು ಅಂತ ಹೇಳಿದ್ರಲ್ಲ?"

"ಅವರು ಏನೂ ಕೇಳಿರಲಿಲ್ಲ," ಎಂದ ಜಿನೇಶ್, ನೆಲ ನೋಡುತ್ತಾ. "ಎರಡು ಸಲ ಬರೆದು ಒಪ್ಪಿಸಿದ್ದು ನಾನು."

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. ಗೆದ್ದದ್ದು ಸಿಟ್ಟು.

"ನವೆಂಬರಿನಿಂದ ಮಾರ್ಚ್! ಬೇರೆಯವರಿಗೆ ಇಪ್ಪತ್ತು ನಿಮಿಷ, ನಿಮಗೆ ನಾಲ್ಕು ತಿಂಗಳಾ? ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ! ನನಗೆ ಒಂದು ಮಾತು ಹೇಳಬಹುದಿತ್ತಲ್ಲ? ನಾನು ಏನಕ್ಕೂ ಬಾರದವಳು ಅಂತ ಅಂದುಕೊಂಡೆ, ಗೊತ್ತುಂಟಾ?"

"ತಪ್ಪು ನನ್ನದು. ನಿಮ್ಮ ರಿವ್ಯೂ ಮುಗಿಯುವ ಮೊದಲು ಹೇಳಿದ್ರೆ, ಬೇಡ ಅಂದ್ರೆ ಹುದ್ದೆ ಹೋಗ್ತದೋ ಅಂತ ನಿಮಗೆ ಹೆದರಿಕೆ ಆಗ್ತದೆ ಅಂತ ಸುಮ್ಮನೆ ಇದ್ದೆ. ನಾಳೆ ಹೇಳುವ ಅಂತ ಇದ್ದೆ."

"ನಾಳೆ ನಾನು ಮಂಗಳೂರಿನ ಕಂಪನಿಗೆ ಒಪ್ಪಿಗೆ ಕೊಡುವವಳಿದ್ದೆ!"

ಅವನ ಮುಖ ಬಿಳಿಚಿಕೊಂಡಿತು. ಆದರೂ ಕಷ್ಟಪಟ್ಟು ಹೇಳಿದ, "ನಿಮಗೆ ಒಳ್ಳೆಯದು ಅಂತ ಕಂಡ್ರೆ ಹೋಗಿ. ಬೆಳ್ತಂಗಡಿಯಿಂದ ಮಂಗಳೂರಿಗೂ ಬೈಕ್ ಹೋಗ್ತದೆ."

ಅಲ್ಲಿಗೆ ಸಾಧನಾಳ ಸಿಟ್ಟು ಪೂರ್ತಿ ಕರಗಿತು.

"ಹೋಗುವುದಿಲ್ಲ. ನಿಮಗೋಸ್ಕರ ಅಂತ ಉಬ್ಬಬೇಡಿ. ಹುದ್ದೆ ನನಗೆ ಸಿಕ್ಕಿದೆ. ಜರ್ಮನಿಯ ಕೆಲಸ ಇನ್ನು ನಾನೇ ನೋಡ್ತೇನೆ."

ಜಿನೇಶ್ ನಕ್ಕ. ಅರ್ಜಿ ಗಿರ್ಜಿ ಏನೂ ಇಲ್ಲದೆ, ಬಾಯಿ ತುಂಬಾ ನಕ್ಕ. ಆಮೇಲೆ ಕಿಟಕಿಯ ಕಡೆ ನೋಡಿದ. "ಡಬ್ಬಿ ತೆರೆದಿಲ್ಲ ಅಲ್ವಾ? ಬೇಗ ಊಟ ಮಾಡಿ. ಇನ್ನು ಅರ್ಧ ಗಂಟೆ ಬೆಳಕು ಉಂಟು."

ಡಬ್ಬಿಯಲ್ಲಿ ಆರು ನೀರುದೋಸೆ ಇದ್ದವು. ಮೂರನ್ನು ಮುಚ್ಚಳಕ್ಕೆ ಹಾಕಿ ಅವನ ಕಡೆ ಸರಿಸಿದಳು. ಕೆಳಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಮುಂದಿನ ಮೂಡುಬಿದಿರೆ ಬಸ್ಸು ಎಷ್ಟು ಹೊತ್ತಿಗೆಂದು ಅವಳು ನೋಡಲೂ ಇಲ್ಲ.

"ಸಾಧನಾ, ನಾನು ಹೇಳಿದ್ದು... ಅರ್ಥ ಆಯ್ತಾ?"

"ಆಯ್ತು ಸರ್."

"ಹಾಗಾದ್ರೆ ಒಮ್ಮೆ ನನಗೆ ವಿವರಿಸಿ, ನೋಡುವ."

ಈ ಸಲ ಅವಳು ತಡವರಿಸಲಿಲ್ಲ. ಅವನ ಕಣ್ಣನ್ನೇ ನೋಡಿ ಹೇಳಿದಳು, "ನಿಮಗೆ ನಾನು ಬೇಕು. ನನಗೂ ನೀವು ಬೇಕು. ಜನವರಿಯಿಂದ. ಇದರಲ್ಲಿ ಎಲ್ಲಿಯಾದ್ರೂ ತಪ್ಪು ಉಂಟಾ ಸರ್?"

"ಒಂದು ಉಂಟು."

"ಎಂತದು?"

"ಆ 'ಸರ್'."