ಹನ್ನೆರಡನೆಯ ವಿಚಾರಣೆ

"ಇದರಾಗ ನೀವು ಎಲ್ಲಿ ಅದೀರಿ?"

ಹಾಗೆ ಕೇಳಿದವನ ಮುಖವನ್ನು ದಾಕ್ಷಾಯಿಣಿ ಆಗಲೇ ಸರಿಯಾಗಿ ನೋಡಿದ್ದು. ಅವನು ಬಂದು ಹತ್ತು ನಿಮಿಷವಾಗಿತ್ತು. ಹೆಸರು ಶ್ರೀಶೈಲ, ಊರು ಹುಕ್ಕೇರಿ, ಸಣ್ಣಪುಟ್ಟ ಕಸುಬಿನವರಿಗೆ ವೆಬ್‌ಸೈಟ್ ಮಾಡಿಕೊಡುವುದು ಉದ್ಯೋಗ. ಗೋಕಾಕದ ಅವಳ ಬಾಡಿಗೆ ಕೋಣೆಯ ಒಂದೇ ಕುರ್ಚಿಯಲ್ಲಿ ಕೂತು, ಅವಳು ಬರೆದುಕೊಟ್ಟ ಹಾಳೆಯನ್ನು ಎರಡು ಸಲ ಓದಿದ್ದ.

"ಕೆಳಗ ಐತಲ್ರಿ, ನನ್ನ ಹೆಸರು," ಅಂದಳು.

ಇತ್ತು ನಿಜ. ಎಲ್ಲಕ್ಕಿಂತ ಕೆಳಗೆ! ಮೇಲೆ ಮಠದ ಸ್ವಾಮಿ ಅಜ್ಜನವರ ಆಶೀರ್ವಾದ, ಅದರ ಕೆಳಗೆ ಅಪ್ಪನ ಅಪ್ಪ, ಲಿಂಗೈಕ್ಯ ಮುತ್ಯಾ ವೀರಪ್ಪ, ಆಮೇಲೆ ಅಪ್ಪ, ಆಮೇಲೆ ಅಣ್ಣ ಸೋಮಶೇಖರ. ಕೊನೆಯಲ್ಲಿ 'ತಮ್ಮ ಸುಖಾಗಮನ ಬಯಸುವವರು' ಎಂದು ಬರೆದು ತನ್ನ ಹೆಸರು ಹಾಕಿದ್ದಳು. ನಮ್ಮ ಕಡೆಯವರಿಗೆ ಹೆಸರು ಹಾಕಿ ಏನಾದರೂ ಬರೆಯಿರಿ ಎಂದರೆ ಕೈ ತಾನಾಗಿಯೇ ಲಗ್ನಪತ್ರಿಕೆ ಬರೆಯುತ್ತದೆ. ವೆಬ್‌ಸೈಟಿನ 'ನನ್ನ ಬಗ್ಗೆ' ಪುಟವಾದರೂ ಅಷ್ಟೇ.

ಶ್ರೀಶೈಲ ನಗಲಿಲ್ಲ. ನಕ್ಕಿದ್ದರೂ ಅವಳಿಗೇನೂ ಅನ್ನಿಸುತ್ತಿರಲಿಲ್ಲ.

ಅವಳಿಗೆ ಏನಾದರೂ ಅನ್ನಿಸಿ ಎಷ್ಟೋ ವರ್ಷವಾಗಿತ್ತು...

ಮೂವತ್ಮೂರು ವರ್ಷದ ದಾಕ್ಷಾಯಿಣಿಯದು ಅಪರೂಪದ ವಿದ್ಯೆ. ಹಳೆಯ ಮರಾಠಿ ಕಾಗದಗಳನ್ನು ಬರೆಯುತ್ತಿದ್ದ ಮೋಡಿ ಲಿಪಿಯನ್ನು ಮುತ್ಯಾ ಅವಳಿಗೆ ಕಲಿಸಿ ಹೋಗಿದ್ದ. ಹೊಲದ ಪಾಲುಪತ್ರ, ಬಾವಿಯ ಹಕ್ಕು, ದಾನಪತ್ರ... ಈ ಭಾಗದ ಎಷ್ಟೋ ಮನೆಗಳ ಟ್ರಂಕಿನಲ್ಲಿ ಅಂಥವು ಮಲಗಿವೆ, ಓದುವವರಿಲ್ಲ. ಅವಳು ಓದಿ ಕನ್ನಡದಲ್ಲಿ ಬರೆದುಕೊಡುತ್ತಿದ್ದಳು.

ಕೊಲ್ಹಾಪುರದ ಒಂದು ಸಂಗ್ರಹಾಲಯಕ್ಕೆ ಎರಡು ವರ್ಷದ ಮಟ್ಟಿಗೆ ಇಂಥ ಕಾಗದ ಓದುವವರು ಬೇಕಾಗಿದ್ದರು. ಅರ್ಜಿಯ ಜೊತೆ ಸ್ವಂತ ವೆಬ್‌ಸೈಟಿನ ವಿಳಾಸ ಕಳಿಸಬೇಕು, ತಿಂಗಳ ಕೊನೆಯೊಳಗೆ. ಕೊಣ್ಣೂರಿನಲ್ಲಿದ್ದ ಅಣ್ಣ ಕೊಟ್ಟ ಗಡುವೂ ಅದೇ. ಈ ಕೆಲಸ ಸಿಗದಿದ್ದರೆ ಕೋಣೆ ಖಾಲಿ ಮಾಡಿ ಮನೆಗೆ ಬರಬೇಕು, ಬಂದ ಗಂಡಿಗೆ ಹೂಂ ಅನ್ನಬೇಕು.

ಗಂಡುಗಳೇನು ಕಡಿಮೆ ಬಂದಿರಲಿಲ್ಲ. ಹನ್ನೊಂದು! ಹನ್ನೊಂದು ಸಲ ಅವಳು ಟ್ರೇದಲ್ಲಿ ಚಹಾ ಹಿಡಿದು ಹೊರಗೆ ಬಂದಿದ್ದಳು. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಓಣಿಯಲ್ಲಿ ನಾಲ್ಕು ಮನೆ ವಿಚಾರಿಸಿ ಹೋಗುತ್ತಿದ್ದರು. ಆಮೇಲೆ ಸುದ್ದಿಯೇ ಇಲ್ಲ. ಮೊದಲ ಮೂರು ಸಲ ಅತ್ತಳು. ಏಳನೆಯ ಸಲದ ಹೊತ್ತಿಗೆ ಟ್ರೇ ಹಿಡಿದ ಕೈ ಯಾರದೋ ಅನ್ನಿಸತೊಡಗಿತು. ಹನ್ನೊಂದನೆಯವರು ಬಂದು ಹೋದದ್ದು ಅವಳಿಗೆ ನೆನಪೂ ಇಲ್ಲ.

ಅಂಥವಳ ಮುಂದೆ ಕೂತು ಶ್ರೀಶೈಲ ತಾಳ್ಮೆಯಿಂದ ಬಿಡಿಸಿ ಹೇಳಿದ.

"ಪೇಜ್ ಓದೋರಿಗೆ ನಿಮ್ಮ ವಂಶಾವಳಿ ಬ್ಯಾಡ್ರಿ. ಅವರ ಕೈಯಾಗ ಒಂದು ಹಳೇ ಕಾಗದ ಇರತೈತಿ. ಓದಾಕ ಬರೂದಿಲ್ಲ, ಅಂಜಿರತಾರ. ಇಕಿ ಕೈಯಾಗ ಕೊಡಬಹುದು ಅನ್ನೂ ಧೈರ್ಯ ಬೇಕು ಅವರಿಗೆ, ಅಷ್ಟ."

ಇನ್ನೊಂದು ಸಲ ಬರೆಯಲು ಹೇಳಿ ಹೋದ. ಅವಳು ಖಾಲಿ ಹಾಳೆಯ ಮುಂದೆ ನಾಲ್ಕು ದಿನ ಕೂತಳು. 'ನಾನು' ಎಂದು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ನಾನು... ಏನು? ಒಳಗೆ ಹುಡುಕಿದರೆ ಖಾಲಿ ಕೋಣೆಯಲ್ಲಿ ದೀಪ ಹಾಕಿದಂತಾಗುತ್ತಿತ್ತು. ಇವನಾದರೂ ತನ್ನ ಬಗ್ಗೆ ಏನು ಬರೆದುಕೊಂಡಿದ್ದಾನೆ ಎಂದು ಶ್ರೀಶೈಲನ ಸ್ವಂತ ವೆಬ್‌ಸೈಟ್ ತೆರೆದು ನೋಡಿದಳು. 'ನನ್ನ ಬಗ್ಗೆ' ಪುಟದಲ್ಲಿ ಒಂದೇ ಸಾಲಿತ್ತು: ಶೀಘ್ರದಲ್ಲೇ ಬರಲಿದೆ. ಹಾಕಿ ಆರು ವರ್ಷವಾಗಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಅಂತಾರಲ್ಲ, ಹಾಗೆ.

ಅವಳ ತುಟಿಯ ತುದಿ ತುಸು ಅಲುಗಿತು. ಅವಳಿಗೇ ಅದು ಗೊತ್ತಾಗಲಿಲ್ಲ.

ಮುಂದಿನ ವಾರ ಬಂದವನು ಖಾಲಿ ಹಾಳೆ ನೋಡಿ ಬೇಸರ ಮಾಡಿಕೊಳ್ಳಲಿಲ್ಲ. ತಮ್ಮ ಬಗ್ಗೆ ತಾವು ಬರೆಯಲಾರದವರಿಗೆ ಅವನದೊಂದು ಪದ್ಧತಿಯಿತ್ತು. ಅವರ ಕೆಲಸ ಕಂಡವರ ಮನೆಗೇ ಹೋಗಿ, ಎದುರು ಕೂತು, ಕೇಳಿ ಬರೆದುಕೊಳ್ಳುವುದು. ಬೋರ್‌ವೆಲ್ ರಿಪೇರಿಯವನಿಗೂ ಹಾಗೆಯೇ ಮಾಡಿದ್ದ, ಸಂಕೇಶ್ವರದ ಫೋಟೋಗ್ರಾಫರನಿಗೂ ಹಾಗೆಯೇ ಮಾಡಿದ್ದ.

ಮೂರು ಹೆಸರು ಕೇಳಿದ. ಅವಳು ರಿಜಿಸ್ಟರ್ ತೆಗೆದು, ಯೋಚಿಸದೆ, ಕಣ್ಣಿಗೆ ಬಿದ್ದ ಮೂರು ಹೇಳಿದಳು. ಮೂಡಲಗಿಯ ಸತ್ತೆವ್ವ, ಸಂಕೇಶ್ವರದ ಬೆಲ್ಲದ ವ್ಯಾಪಾರಿ ಅಣ್ಣಪ್ಪ, ಕೊಣ್ಣೂರಿನಲ್ಲಿ ಅವಳ ಓಣಿಯವನೇ ಆದ ಮಾಯಪ್ಪ.

ಮದುವೆಯಾಗದ ಗಂಡಸೊಬ್ಬ ಮದುವೆಯಾಗದ ಹೆಣ್ಣಿನ ಬಗ್ಗೆ ಮನೆಮನೆ ಕೇಳುತ್ತ ಹೋದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ. ಶ್ರೀಶೈಲನಿಗೆ ಅದು ಹೊಳೆಯಲಿಲ್ಲ. ಅವಳಿಗಾದರೂ ಹೊಳೆಯಬೇಕಿತ್ತು. ಆದರೆ ಹೊಳೆಯುವುದಕ್ಕೆ ಒಳಗೆ ಏನಾದರೂ ಎಚ್ಚರವಿರಬೇಕಲ್ಲ!

ಹೋಗುವ ಮುನ್ನ ಅವನು ಮೇಜಿನ ಮೇಲಿದ್ದ ಹಳೆಯ ಪಾಲುಪತ್ರ ನೋಡಬಹುದೇ ಎಂದು ಕೇಳಿದ. ಹರಿದೀತೆಂದು ಎರಡೂ ಕೈಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು ನೋಡಿ, ಇದ್ದಲ್ಲೇ ಇಟ್ಟ. ಮುತ್ಯಾನೂ ಹೀಗೇ ಹಿಡಿಯುತ್ತಿದ್ದ... ಅವನು ಮೆಟ್ಟಿಲಿಳಿದು ಹೋದ ಮೇಲೂ ದಾಕ್ಷಾಯಿಣಿ ಆ ಕಾಗದವನ್ನೇ ನೋಡುತ್ತ ನಿಂತಿದ್ದಳು.

ಆರನೆಯ ದಿನ ಅಣ್ಣನ ಫೋನ್ ಬಂತು. ದನಿಯಲ್ಲಿ ಹಬ್ಬವಿತ್ತು. ಹುಕ್ಕೇರಿಯ ಹುಡುಗ ನಿನ್ನನ್ನು ವಿಚಾರಿಸುತ್ತ ತಿರುಗುತ್ತಿದ್ದಾನೆ, ಮೂಡಲಗಿಗೆ ಹೋಗಿದ್ದನಂತೆ, ನಿನ್ನೆ ನಮ್ಮ ಓಣಿಗೇ ಬಂದು ಮಾಯಪ್ಪನ ಮನೆಯಲ್ಲಿ ಒಂದು ತಾಸು ಕೂತಿದ್ದ, ನಮಗೊಂದು ಮಾತು ಹೇಳಬಾರದೇ ಎಂದ. ಅವ್ವ ಆಗಲೇ ಅವರ ಮನೆತನದ ಬೆಡಗು-ಗೋತ್ರ ಯಾವುದೆಂದು ಕೇಳಿಸಿದ್ದಳಂತೆ.

ದಾಕ್ಷಾಯಿಣಿ ಫೋನ್ ಇಟ್ಟಳು.

ಹನ್ನೆರಡನೆಯದು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಅನ್ನಕ್ಕಿಟ್ಟ ಕುಕ್ಕರ್ ಮೂರು ಸೀಟಿ ಹೊಡೆಯಿತು, ಆರಿಸಿದಳು. ಮಾಯಪ್ಪ ಏನು ಹೇಳಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹೆಣ್ಣು ನೋಡಲು ಬಂದ ಪ್ರತಿಯೊಬ್ಬರಿಗೂ ಅವನು ಅದನ್ನೇ ಹೇಳಿದ್ದು. ಅದು ಮನೆ ಮುರಿಯುವ ಹುಡುಗಿ.

ಮರುದಿನ ಶ್ರೀಶೈಲ ಬಂದಾಗ ಅವಳು ಬಾಗಿಲಲ್ಲೇ ನಿಲ್ಲಿಸಿದಳು. ದನಿ ಏರಿಸಲಿಲ್ಲ.

"ಹನ್ನೊಂದು ಮಂದಿ ವಿಚಾರಿಸ್ಯಾರ್ರಿ ನನ್ನ. ಕೆಲಸದ ನೆವಾ ಮಾಡಿಕೊಂಡು ವಿಚಾರಿಸಿದಾವರು ನೀವ ಮೊದಲ್ನೇದವರು."

ಅವನ ಮುಖ ಬಿಳಿಚಿತು. ಅಂಥದ್ದೇನೂ ಇಲ್ಲ, ನಾನು ಕೇಳಿದ್ದು ಕೆಲಸದ ಬಗ್ಗೆ ಮಾತ್ರ ಎಂದ. ಹಾಗಾದರೆ ಮನಸ್ಸಿನಲ್ಲಿ ಬೇರೆ ಏನೂ ಇಲ್ಲ ತಾನೇ ಎಂದು ಅವಳು ಕೇಳಿದಳು. ಅದಕ್ಕೆ 'ಇಲ್ಲ' ಅನ್ನಬೇಕಾದವನು ಅನ್ನಲಿಲ್ಲ. ನೆಲ ನೋಡುತ್ತ ನಿಂತ...

ಆ ಮೌನವನ್ನು ಅವಳು ತಪ್ಪೊಪ್ಪಿಗೆ ಎಂದುಕೊಂಡಳು. ಪುಟ ಬೇಡ, ಇನ್ನು ಬರಬೇಡಿ ಎಂದು ಬಾಗಿಲು ಹಾಕಿದಳು.

ಸಂಜೆ ಫೋನಿಗೆ ಒಂದು ವಿಳಾಸ ಬಂತು, ಜೊತೆಗೊಂದು ಸಾಲು: "ಪೇಜ್ ಮುಗದೈತಿ. ಒಂದ ಸಲ ಓದ್ರಿ. ಬ್ಯಾಡ ಅಂದ್ರ ಅಳಸ್ತೇನಿ."

ಅವಳು ಓದಲಿಲ್ಲ. ಐದು ದಿನ ಕಳೆಯಿತು. ಉಂಡಳು, ಮಲಗಿದಳು, ಎದ್ದಳು. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿದಳು. ನಾಳಿದ್ದು ಕೊಣ್ಣೂರು. ಅಲ್ಲಿ ಟ್ರೇ. ಆಮೇಲೆ ಯಾರದೋ ಮನೆ. ಆಗಲಿ, ಎಲ್ಲಿದ್ದರೇನು?

ಗಡುವಿನ ದಿನ ಬೆಳಿಗ್ಗೆ, ಅಳಿಸಿಬಿಡಿ ಎಂದು ಹೇಳುವುದಕ್ಕಾದರೂ ಒಮ್ಮೆ ನೋಡೋಣವೆಂದು ಆ ಪುಟ ತೆರೆದಳು.

ಮೇಲೆ ಅಜ್ಜನವರ ಆಶೀರ್ವಾದವಿರಲಿಲ್ಲ. ಹೀಗಿತ್ತು:

"ನಿಮ್ಮ ಮನೆಯ ಟ್ರಂಕಿನಲ್ಲಿ ಓದಲಾಗದ ಕಾಗದವೊಂದು ಇದೆಯೇ? ದಾಕ್ಷಾಯಿಣಿ ಅದರಲ್ಲಿ ಇದ್ದದ್ದನ್ನು ಓದುತ್ತಾರೆ. ಇಲ್ಲದ್ದನ್ನು ಓದುವುದಿಲ್ಲ."

ಅದರ ಕೆಳಗೆ ಮೂವರ ಮಾತುಗಳನ್ನು ಅವರು ಆಡಿದಂತೆಯೇ ಇಳಿಸಿದ್ದ.

"ಬಾವ್ಯಾಗ ನಂದೂ ಪಾಲೈತಿ ಅಂತ ಓದಿ ಹೇಳಿದ್ಲು. ನನಗ ತಿಳಿಯೂತನಕ ನಾಕ್ ಸಲ ಓದಿದ್ಲು, ಬ್ಯಾಸರ ಮಾಡ್ಕೊಳ್ಳಲಿಲ್ಲ." ಸತ್ತೆವ್ವ, ಮೂಡಲಗಿ.

"ಕಾಗದ ಹರದಲ್ಲಿ ಏನಿತ್ತು ಅಂತ ಕೇಳಿದೆ. ಗೊತ್ತಿಲ್ಲ ಅಂದ್ಲು. ಗೊತ್ತಿಲ್ಲ ಅನ್ನಾವ್ರು ಭಾಳ ಕಮ್ಮಿ ಅದಾರ್ರಿ." ಅಣ್ಣಪ್ಪ, ಸಂಕೇಶ್ವರ.

"ಆಕಿ ಓದಿದ್ದಕ್ಕ ನನ್ನ ಎರಡ ಎಕರೆ ಹೊಲ ಅಣ್ಣನ ಪಾಲಾತು. ಆದ್ರ ಆಕಿ ಸುಳ್ಳ ಓದಲಿಲ್ಲ. ನಾಳೆ ಇನ್ನೊಂದ ಕಾಗದ ಸಿಕ್ಕರ ಅದನ್ನೂ ಆಕಿ ಕೈಯಾಗನ ಕೊಡ್ತೇನಿ." ಮಾಯಪ್ಪ, ಕೊಣ್ಣೂರ.

ದಾಕ್ಷಾಯಿಣಿ ಕೊನೆಯದನ್ನು ಮತ್ತೆ ಓದಿದಳು. ಮಾಯಪ್ಪ? ಮಾಯಪ್ಪ ಕಾಕಾನಾ?

ಎಲ್ಲಕ್ಕಿಂತ ಕೆಳಗೆ ಶ್ರೀಶೈಲ ಬೇರೆಯಾಗಿ ಒಂದು ಟಿಪ್ಪಣಿ ಹಾಕಿದ್ದ. ಇದು ಪುಟಕ್ಕಲ್ಲ, ನಿಮಗೆ ಮಾತ್ರ, ಓದಿ ನೀವೇ ಅಳಿಸಿ ಎಂದು ಬರೆದು, ಮಾಯಪ್ಪ ಹೇಳಿದ್ದನ್ನೇ ಇಳಿಸಿದ್ದ.

"ಹನ್ನೊಂದು ಮಂದಿ ಬಂದು ಹುಡುಗಿ ಹೆಂಗ ಅದಾಳ ಅಂತ ಕೇಳಿದ್ರು. ಹೊಲ ಹೋದ ಸಿಟ್ಟಿನ್ಯಾಗ ಬಾಯಿಗೆ ಬಂದದ್ದು ಹೇಳಿದೆ. ನೀ ಒಬ್ಬನ ನೋಡಪಾ, ಆಕಿ ಏನ್ ಕೆಲಸ ಮಾಡಿದ್ಲು ಅಂತ ಕೇಳಿದಿ. ಅದಕ್ಕ ಸುಳ್ಳ ಹೇಳಾಕ ಬರವಲ್ದು."

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಇಟ್ಟ ಕೈ ತನ್ನದೇ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಜೋಮು ಹಿಡಿದ ಕಾಲಿಗೆ ಜೀವ ಬರುವಾಗ ಹಿತವಾಗುವುದಿಲ್ಲ, ಮುಳ್ಳು ಚುಚ್ಚಿದಂತೆ ನೋಯುತ್ತದೆ. ದಾಕ್ಷಾಯಿಣಿಗೆ ಎದೆಯಲ್ಲಿ ಹಾಗಾಯಿತು. ಹನ್ನೊಂದು ಸಲದ ಅವಮಾನವೂ ಒಟ್ಟಿಗೇ ಬಂದು ನೋಯಿತು. ಕಟ್ಟಿಟ್ಟ ಪುಸ್ತಕದ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅತ್ತಳು. ಮೊದಲು ಮಾಯಪ್ಪನ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೆ ಬಂತು. ಆಮೇಲೆ, ಬಾಗಿಲ ಹೊರಗೆ ನೆಲ ನೋಡುತ್ತ ನಿಂತ ಒಬ್ಬನ ನೆನಪು ಬಂತು...

'ಅಯ್ಯೋ, ಆ ಮನುಷ್ಯನಿಗೆ ಎಂಥ ಮಾತಾಡಿದೆ ನಾನು!'

ಟಿಪ್ಪಣಿಯನ್ನು ತೆಗೆದು, ಪುಟವನ್ನು ಹಾಗೆಯೇ ಇಟ್ಟು, ಮಧ್ಯಾಹ್ನದೊಳಗೆ ವಿಳಾಸವನ್ನು ಕೊಲ್ಹಾಪುರಕ್ಕೆ ಕಳಿಸಿದಳು. ಅಣ್ಣನಿಗೆ ಫೋನ್ ಮಾಡಿ, ಉತ್ತರ ಬರುವವರೆಗೆ ಬರುವುದಿಲ್ಲ ಎಂದಳು. ಶ್ರೀಶೈಲನಿಗೆ ಮಾತ್ರ ಏನು ಬರೆಯಬೇಕೋ ತಿಳಿಯಲಿಲ್ಲ.

ಎಂಟು ದಿನಕ್ಕೆ ಉತ್ತರ ಬಂತು. ಕೆಲಸ ಅವಳಿಗೇ ಸಿಕ್ಕಿತ್ತು. ಪತ್ರ ಬರೆದವರು ಕೊನೆಗೊಂದು ಮಾತು ಸೇರಿಸಿದ್ದರು. ಹೊಲ ಕಳೆದುಕೊಂಡವನ ಸಾಕ್ಷಿಯನ್ನು ತಮ್ಮ ಪುಟದಲ್ಲಿ ಹಾಕಿಕೊಂಡವರನ್ನು ನಾವು ಈವರೆಗೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ದಾಕ್ಷಾಯಿಣಿ ಹುಕ್ಕೇರಿಯ ಬಸ್ಸು ಹತ್ತಿದಳು.

ನೇರವಾಗಿ ಅವನ ಮನೆಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡ್ ಬಾಜೂಕ್ಕೆ ಹೊಲಿಗೆ ಅಂಗಡಿ ಇಟ್ಟಿದ್ದ, ಅವನ ವೆಬ್‌ಸೈಟಿನಲ್ಲಿ ಹೆಸರು ಕಂಡಿದ್ದ ತಾಯವ್ವನ ಮುಂದೆ ನಿಂತು, ಶ್ರೀಶೈಲ ನಿಮಗೆ ಏನು ಕೆಲಸ ಮಾಡಿಕೊಟ್ಟಿದ್ದಾನೆ ಎಂದು ಕೇಳಿದಳು. ತಾಯವ್ವ ಹೊಲಿಗೆ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಬಾಯ್ತುಂಬ ಹೇಳಿದಳು. ದಾಕ್ಷಾಯಿಣಿ ಬರೆದುಕೊಂಡಳು. ಅಲ್ಲಿಂದ ಬೋರ್‌ವೆಲ್ ರಿಪೇರಿಯ ಭೀಮಶಿಯ ಹತ್ತಿರ ಹೋದಳು, ಅದನ್ನೂ ಬರೆದುಕೊಂಡಳು.

ಹೆಣ್ಣೊಂದು ಗಂಡನ್ನು ವಿಚಾರಿಸುತ್ತ ಬಂದಿದೆ ಎಂಬ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಶ್ರೀಶೈಲನ ತಾಯಿ ರಾಯವ್ವ ಹೊಸಿಲಲ್ಲೇ ಕಾಯುತ್ತಿದ್ದಳು. ಏನೂ ಕೇಳಲಿಲ್ಲ, ಕೈಕಾಲಿಗೆ ನೀರು ಕೊಟ್ಟು ಕೂರಿಸಿದಳು. ಒಳಗೆ ಹೋಗಿ ಏನು ಹೇಳಿದಳೋ, ಸ್ವಲ್ಪ ಹೊತ್ತಿಗೆ ಶ್ರೀಶೈಲ ಟ್ರೇದಲ್ಲಿ ಚಹಾ ಹಿಡಿದು ಬಂದ. ಕಪ್-ಬಸಿಗಳು ಕಟಕಟ ಅನ್ನುತ್ತಿದ್ದವು.

ದಾಕ್ಷಾಯಿಣಿ ನಕ್ಕಳು. ತನ್ನ ನಗುವಿನ ಸದ್ದು ಕೇಳಿ ಅವಳಿಗೇ ಗಾಬರಿಯಾಯಿತು.

"ಆ ದಿನ 'ಇಲ್ಲ' ಅನ್ನಲಿಲ್ಲ ನೀವು," ಅಂದಳು. "ಯಾಕ್ರಿ?"

ಅವನು ಟ್ರೇ ಕೆಳಗಿಟ್ಟ. "ಮೂಡಲಗಿಗೆ ಹೋದಾಗ ಬರೇ ಪೇಜಿನ ಸಲುವಾಗಿ ಹೋಗಿದ್ದೆ. ಸಂಕೇಶ್ವರಕ್ಕೂ ಹಂಗ. ಕೊಣ್ಣೂರಿಗೆ ಹೋಗೂಮುಂದ... ಮಂದಿ ಅಂದಿದ್ದು ಖರೇನ ಇತ್ತು. ನಿಮ್ಮ ಮುಂದ ಸುಳ್ಳ ಹೆಂಗ ಹೇಳ್ಲಿ?"

ಅವಳು ಚೀಲದಿಂದ ಮಡಿಸಿದ ಹಾಳೆ ತೆಗೆದು ಅವನಿಗೆ ಕೊಟ್ಟಳು. ಆರು ವರ್ಷ ಖಾಲಿ ಬಿದ್ದ ನಿಮ್ಮ ಪುಟಕ್ಕೆ ಇದನ್ನು ಹಾಕಿಕೊಳ್ಳಿ ಎಂದಳು. ತಾಯವ್ವ ಆಡಿದ್ದು, ಭೀಮಶಿ ಆಡಿದ್ದು, ಎಲ್ಲ ಅದರಲ್ಲಿತ್ತು. ಅವನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದ. ಓದುತ್ತ ಓದುತ್ತ ಕಣ್ಣು ಹನಿಗೂಡಿತು. ಆದರೂ ಕೆಲಸದವನ ಚಾಳಿ ಬಿಡಲಿಲ್ಲ.

"ಇವರೆಲ್ಲಾ ಅದಾರ. ಇದರಾಗ ನೀವು ಎಲ್ಲಿ ಅದೀರಿ?"

"ಕೆಳಗ ನೋಡ್ರಿ," ಅಂದಳು ದಾಕ್ಷಾಯಿಣಿ.

ಅವನು ಮಡಿಕೆ ಬಿಡಿಸಿದ. ಎಲ್ಲಕ್ಕಿಂತ ಕೆಳಗೆ, ಅವಳ ದುಂಡನೆಯ ಅಕ್ಷರದಲ್ಲಿ ಇತ್ತು:

ತಮ್ಮ ಸುಖಾಗಮನ ಬಯಸುವವಳು,
ದಾಕ್ಷಾಯಿಣಿ.

ಅವನು ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ.

"ಯಾವಾಗ ಬರ್ಲಿ?"

"ಚಹಾ ಆರಾಕತ್ತೈತಿ," ಅಂದಳು. "ಕುಡೀರಿ ಮೊದಲ. ಆಮ್ಯಾಲ ಇಬ್ಬರೂ ಕೂಡಿ ಕೊಣ್ಣೂರಿಗೆ ಹೋಗೂಣು."