ನೀಲಿಗೆಣಸಿನ ತಲೆ

"ಐದು ಗೆಡ್ಡೆಯಾದರೂ ಬೇಕು," ಎಂದರು ಮಾಲಿಯಮ್ಮ. "ಐದು ನೆಟ್ಟರೆ ಮುಂದಿನ ವರ್ಷ ಅಡುಗೆಗೆ ಬರುತ್ತೆ. ನಾನು ಕೆಲಸ ಬಿಡೋದರೊಳಗೆ ಎಲ್ಲರಿಗೂ ಒಂದು ಸಲ ಬಡಿಸಬೇಕು."

ಅವರ ತೋಟದಲ್ಲಿ ದೇಶದೇಶಗಳ ತಿನ್ನುವ ಗಿಡಗಳಿದ್ದವು. ಮರಗೆಣಸು, ದೀವಿಹಲಸು, ಕ್ವಿನೋವಾ, ಹೆಸರು ನಾಲಿಗೆಗೆ ಬಾರದ ಸೊಪ್ಪುಗಳು. ಬೆಳೆದದ್ದನ್ನು ತೋಟದ ಕ್ಯಾಂಟೀನಿನಲ್ಲೇ ಬೇಯಿಸಿ ಬಂದವರಿಗೆ ಬಡಿಸುತ್ತಿದ್ದರು. ನೀಲಿಗೆಣಸು ಮಾತ್ರ ಕಳೆದ ಮಳೆಗೆ ಕೊಳೆತುಹೋಗಿತ್ತು. ಅದು ಇನ್ನು ಸಿಗುವುದು ಎರಡು ದಿನ ನಡೆದರೆ ಬರುವ ಬೆಟ್ಟದ ಬಂಡೆಸಂದಿನಲ್ಲಿ.

ಮಾಲಿಯಮ್ಮನ ಜೊತೆ ಕ್ಯಾಂಟೀನಿನ ಅಡುಗೆಯಣ್ಣ ಹೊರಟ. ತರಕಾರಿ ತೊಳೆಯುವ ಹುಡುಗಿಯೂ ಹೊರಟಳು. ಸದ್ದಿಲ್ಲದೆ ಓಡಾಡುವ ಅವಳನ್ನು ಎಲ್ಲರೂ ಬೆಕ್ಕು ಎಂದೇ ಕರೆಯುತ್ತಿದ್ದರು.

ಬೆಟ್ಟದ ನೆತ್ತಿಯಲ್ಲಿ ಮಂಜು ಮೊಣಕಾಲೆತ್ತರಕ್ಕೆ ಹರಡಿತ್ತು. ಅದರಾಚೆ ಕಪ್ಪು ಬಂಡೆಗಳು, ಬಂಡೆಗಳ ಬಿರುಕಿನಲ್ಲಿ ಹೃದಯದಾಕಾರದ ಎಲೆಯ ಬಳ್ಳಿ. ಬೆಕ್ಕು ಹಗ್ಗ ಹಿಡಿದು ಇಳಿದು ಒಂದೊಂದೇ ಗೆಡ್ಡೆ ಅಗೆದಳು. ಐದು. ಮಾಲಿಯಮ್ಮ ಮಣ್ಣು ಒರೆಸಿ ಅವಳಿಗೆ ತೋರಿಸಿದರು.

"ನೋಡು, ಬಳ್ಳಿ ಸೇರೋ ಈ ಒರಟು ತಲೆ ಇದೆಯಲ್ಲ, ಜೀವ ಇರೋದು ಇಲ್ಲೇ. ಇಷ್ಟಿದ್ದರೆ ಗಿಡ ಬಂದೇ ಬರುತ್ತೆ."

ಆಗ ಅಡುಗೆಯಣ್ಣ ದೂರದಲ್ಲಿ ಹಗ್ಗ ಸುತ್ತುತ್ತಿದ್ದ.

ಮರಳುವಾಗ ಮಳೆ ಬಂದು ದಾರಿಯ ಹಳ್ಳ ಏರಿತು. ದಾಟುವಾಗ ಮಾಲಿಯಮ್ಮನ ಕಾಲು ಜಾರಿತು. ಬೆಕ್ಕು ರಟ್ಟೆ ಹಿಡಿದಳು. ಅಡುಗೆಯಣ್ಣ ಸೊಂಟ ಹಿಡಿದ. ಊಟದ ಚೀಲ ನೀರುಪಾಲಾಯಿತು, ಗೆಡ್ಡೆಗಳ ಚೀಲ ಮಾತ್ರ ಉಳಿಯಿತು.

ಬಂದ ದಡಕ್ಕೇ ಮರಳಿ, ಒಂದು ಬಂಡೆಯ ಮರೆಯಲ್ಲಿ ಎರಡು ದಿನ ಕಾದರು. ಮಾಲಿಯಮ್ಮನ ಕಾಲು ಊದಿತ್ತು, ಮೈ ಸುಡುತ್ತಿತ್ತು.

"ಗೆಣಸು ಬೇಯಿಸಪ್ಪಾ," ಎಂದರು ಕಣ್ಣು ಮುಚ್ಚಿಕೊಂಡೇ. "ಮೊದಲು ಜೀವ ಉಳೀಲಿ."

ಅಡುಗೆಯಣ್ಣ ಹಳ್ಳದ ಅಂಚಿನಲ್ಲಿ ಕೂತು ಚಾಕು ತೆಗೆದ. ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಪಳಗಿದ ಕೈ. ಒಂದೇ ಏಟಿಗೆ ಮೊದಲ ಗೆಡ್ಡೆಯ ತಲೆ ಹಾರಿಸಿ ನೀರಿಗೆ ಬಿಸಾಡಿದ.

ನೀರು ತುಂಬಿಸುತ್ತಿದ್ದ ಬೆಕ್ಕು ನೋಡಿದಳು. ಅವಳ ಬಾಯಿ ತೆರೆಯಿತು. "ಅಡುಗೆ ನನಗೇ ಕಲಿಸ್ತೀಯಾ?" ಎಂದು ಅವನು ಒಮ್ಮೆ ಎಲ್ಲರೆದುರು ಕೇಳಿದ್ದು ನೆನಪಾಯಿತು. ಎರಡನೆಯದು ಹೋಯಿತು. ಮೂರು. ನಾಲ್ಕು. ಐದು.

ಬಿಸಿ ಗೆಣಸು ತಿಂದ ಮೇಲೆ ಮಾಲಿಯಮ್ಮ ಎದ್ದು ಕೂತರು. "ತಲೆಗಳನ್ನ ಒದ್ದೆ ಬಟ್ಟೇಲಿ ಸುತ್ತಿಟ್ಟಿರಾ?"

"ಯಾವ ತಲೆ?" ಎಂದ ಅಡುಗೆಯಣ್ಣ.

ಬೆಕ್ಕು ಹಳ್ಳದ ಕಡೆ ಕೈ ತೋರಿಸಿದಳು.

"ನನಗೆ ಗೊತ್ತಿತ್ತು," ಎಂದಳು ಬೆಕ್ಕು. "ನೋಡ್ತಾನೇ ಇದ್ದೆ. ಹೇಳಲಿಲ್ಲ."

ಹಗ್ಗವನ್ನು ತಾನೇ ಸೊಂಟಕ್ಕೆ ಕಟ್ಟಿಕೊಂಡಳು. ಅಡುಗೆಯಣ್ಣ ಇನ್ನೊಂದು ತುದಿ ಹಿಡಿದ. ಹಳ್ಳ ತಿರುಗುವಲ್ಲಿ ಉರುಳಿದ ಮರವೊಂದಕ್ಕೆ ಕಸವೆಲ್ಲ ಸಿಕ್ಕಿಕೊಂಡಿತ್ತು. ನೀರು ಎದೆಗೆ ಬಂತು. ಕಾಲು ತೇಲಿತು. ಕೊಂಬೆ ಹಿಡಿದು ಕೆಸರಲ್ಲಿ ಕೈಯಾಡಿಸಿದಳು. ಎಲೆ. ಕಲ್ಲು. ಮತ್ತೆ ಎಲೆ. ಆಮೇಲೆ, ಬೆರಳಿಗೆ ಒರಟಾಗಿ ಒಂದು.

ಎಷ್ಟು ಹುಡುಕಿದರೂ ಒಂದೇ.

ಮರುದಿನ ನೀರು ಇಳಿಯಿತು. ಮಾಲಿಯಮ್ಮನನ್ನು ಸರದಿಯಲ್ಲಿ ಹೊತ್ತು ಇಬ್ಬರೂ ತೋಟ ಸೇರಿದರು. ತಲೆಯನ್ನು ಕುಂಡದಲ್ಲಿ ನೆಟ್ಟರು. ಇಪ್ಪತ್ತೆರಡನೆಯ ದಿನ ನೇರಳೆ ಮೊಳಕೆ ಕಂಡಿತು.

"ಒಂದರಿಂದ ಹೆಚ್ಚಾಗಿ ಅಡುಗೆಗೆ ಬರೋಕೆ ಮೂರು ವರ್ಷ ಬೇಕು," ಎಂದರು ಮಾಲಿಯಮ್ಮ. ಅವರ ಕೆಲಸ ಮುಗಿಯಲು ಇದ್ದದ್ದು ಒಂದೂವರೆ ವರ್ಷ.

"ಕ್ಷಮಿಸಿ," ಎಂದಳು ಬೆಕ್ಕು.

"ನಾನು ತಿಂದಾಯಿತಲ್ಲ, ಅಲ್ಲೇ ಬೆಟ್ಟದಲ್ಲಿ. ಚೆನ್ನಾಗಿತ್ತು ಕಣೆ. ಅದಕ್ಕೇ ಬೇಜಾರು."

ಈಗ ಅಡುಗೆಯಣ್ಣ ಹೊಸ ಗೆಡ್ಡೆ ಕೈಗೆತ್ತಿಕೊಂಡಾಗಲೆಲ್ಲ ಚಾಕು ಎತ್ತಿ ನಿಲ್ಲುತ್ತಾನೆ. "ಏನಮ್ಮಾ ಬೆಕ್ಕು, ಇದರ ತಲೆ ಬಿಸಾಡಲಾ?"

ಅವಳು ಪಾತ್ರೆಗಳ ಸದ್ದಿನ ಮೇಲೂ ಕೇಳಿಸುವ ಹಾಗೆ ಹೇಳುತ್ತಾಳೆ, "ಬೇಡ, ಇಲ್ಲಿ ಕೊಡಿ."