ಎರಡನೇ ಕುರ್ಚಿಯ ಮೇಘಶ್ರೀ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಜೆ.ಪಿ. ನಗರದ ಠಾಣೆಗೆ ಬಂದ ಹೆಂಗಸು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದಳು. ಇನ್ಸ್‌ಪೆಕ್ಟರ್ ಸಂಜೀವಯ್ಯ ಕಾಫಿ ಲೋಟ ಕೆಳಗಿಟ್ಟ. ಬಲಗಡೆ ಅರ್ಧ ತಲೆ ಕೆಂಪಗೆ ಬೆಂದು ಬೋಳಾಗಿತ್ತು. ಎಡಗಡೆ ಮೊಣಕಾಲು ಮುಟ್ಟುವ ಕೂದಲು ಹಾಗೇ ಇಳಿಬಿದ್ದಿತ್ತು. ಹೆಸರು ಲತಾಮಣಿ, ಬ್ಯೂಟಿ ಪಾರ್ಲರ್ ಒಡತಿ. ಪಾರ್ಲರಿನ ಬೋರ್ಡಿನ ಮೇಲಿದ್ದದ್ದು ಈ ಕೂದಲಿನದೇ ಫೋಟೊ.

"ಮೇಘಶ್ರೀ ಮಾಡಿದ್ದು ಸಾರ್. ನನ್ನ ಹತ್ರ ಮುಂಚೆ ಕೆಲಸಕ್ಕಿದ್ದೋಳು. ಒಳಗೆ ಹಾಕಿ ಅವಳನ್ನ!"

"ಏನು ಮಾಡಿದ್ಲು?"

"ಹೇರ್ ಸ್ಪಾ ಕ್ರೀಮಿಗೆ ಕೂದಲು ತೆಗೆಯೋ ಕ್ರೀಮ್ ಬೆರೆಸಿದಾಳೆ. ನಿನ್ನೆ ಅಂಗಡಿಗೆ ಬಂದು ಜಗಳ ಆಡಿ ಹೋದ್ಲು. ಇವತ್ತು ಹಚ್ಚಿಸ್ಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಉರಿ ತಡೀಲಾರದೆ ಎದ್ದೆ, ಇಲ್ದಿದ್ರೆ ಪೂರ್ತಿ ಹೋಗ್ತಿತ್ತು."

"ಹಚ್ಚಿದ್ದು ಯಾರು?"

"ಮೇಘಶ್ರೀ."

"ಅವಳು ಕೆಲಸ ಬಿಟ್ಟಿದಾಳೆ ಅಂತ ಈಗ ತಾನೆ ಅಂದ್ರಿ?"

"ಅವಳು ಬೇರೆ, ಇವಳು ಬೇರೆ ಸಾರ್. ಇವಳು ಪಾಪದ ಹುಡುಗಿ."

ಸಂಜೀವಯ್ಯನಿಗೆ ತಲೆ ಚಿಟ್ಟು ಹಿಡಿಯಿತು. ಕೆದಕಿ ಕೇಳಿದ ಮೇಲೆ ಗೊತ್ತಾಯಿತು, ಆ ಪಾರ್ಲರಿನಲ್ಲಿ ಹೆಸರು ಇರುವುದು ಕುರ್ಚಿಗೆ. ಮೊದಲನೇ ಕುರ್ಚಿಯಲ್ಲಿ ಕೆಲಸ ಮಾಡುವವಳು ಶಿಲ್ಪಶ್ರೀ, ಎರಡನೆಯದರಲ್ಲಿ ಮೇಘಶ್ರೀ. ಹುಡುಗಿ ಕೆಲಸ ಬಿಟ್ಟರೂ ಹೆಸರು ಬಿಟ್ಟು ಹೋಗುವಂತಿಲ್ಲ. ಹೊಸದಾಗಿ ಬಂದವಳು ಅದನ್ನೇ ಏಪ್ರನ್ನಿನ ಹಾಗೆ ತೊಟ್ಟುಕೊಳ್ಳಬೇಕು. ಗಿರಾಕಿಗಳು ಫೋನ್ ಮಾಡಿ ಮೇಘಶ್ರೀ ಇದ್ದಾಳಾ ಎಂದರೆ ಯಾವ ಕಾಲಕ್ಕೂ ಇರುತ್ತಾಳೆ. ಎಂಥ ಜನವಪ್ಪಾ ಎಂದುಕೊಂಡು ಸಂಜೀವಯ್ಯ ಭಾರತೀಯ ನ್ಯಾಯ ಸಂಹಿತೆಯ ಕಲಂ 118ರಡಿ ಎಫ್‌ಐಆರ್ ದಾಖಲಿಸಿಕೊಂಡ.

ಹನ್ನೆರಡು ಗಂಟೆಗೆ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಶಾಂತಾದೇವಿಯೊಂದಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿದ. ಕ್ರೀಮು ಕಲಸಿದ ಬಟ್ಟಲು ಮತ್ತು ಕಸದ ಬುಟ್ಟಿಯಲ್ಲಿದ್ದ ರಬ್ಬರ್ ಗ್ಲೌಸ್ ವಶಕ್ಕೆ ಪಡೆದ. ಈಗಿನ ಮೇಘಶ್ರೀ ತಲೆ ತಗ್ಗಿಸಿ ಹೇಳಿಕೆ ಕೊಟ್ಟಳು: ಡಬ್ಬಿಯಲ್ಲಿದ್ದದ್ದನ್ನು ಹಚ್ಚಿದೆ, ಮತ್ತೇನೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಅವಳ ಹೆಸರು ದಾನಮ್ಮ, ಊರು ಇಂಡಿ ಕಡೆ. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕೋಣೆ.

ಅಲ್ಲಿಂದ ಜೀಪು ಜರಗನಹಳ್ಳಿಗೆ ಹೋಯಿತು. ಹಳೆಯ ಮೇಘಶ್ರೀ ಅಲ್ಲಿ ಸ್ವಂತ ಪಾರ್ಲರ್ ಇಟ್ಟುಕೊಂಡಿದ್ದಳು.

"ನಿಮ್ಮ ನಿಜವಾದ ಹೆಸರು?"

"ಮೇಘಶ್ರೀನೇ ಸಾರ್. ಹುಟ್ಟಿದಾಗ ಹುಲಿಗೆವ್ವ. ಅಫಿಡವಿಟ್ ಮಾಡ್ಸಿ, ಪೇಪರಲ್ಲಿ ಕೊಟ್ಟು, ಗೆಜೆಟಲ್ಲಿ ಹಾಕ್ಸಿ ಮೇಘಶ್ರೀ ಆದೆ. ಆ ಹೆಸರಿಗೆ ಬೆಲೆ ತಂದಿದ್ದು ನಾನು. ಹುಲಿಗೆವ್ವ ಅಂತ ಬೋರ್ಡ್ ಹಾಕಿದ್ರೆ ನನ್ನ ಗಿರಾಕಿಗಳಿಗೆ ಯಾರು ಅಂತಾನೇ ಗೊತ್ತಾಗಲ್ಲ."

"ನಿನ್ನೆ ಜಗಳ ಯಾಕೆ?"

"ಲತಾಮಣಿ ನನ್ನನ್ನೇ ಡೂಪ್ಲಿಕೇಟ್ ಮೇಘಶ್ರೀ ಅಂತ ಸಾರ್ಕೊಂಡು ತಿರುಗ್ತಾ ಇದಾಳೆ. ಬಾಗಿಲಲ್ಲಿ ನಿಂತು ಚೆನ್ನಾಗಿ ಉಗಿದು ಬಂದೆ. ಒಳಗೆ ಬಿಡ್ಲಿಲ್ಲ. ಕೂದಲು ಹೋಗಿದ್ದಕ್ಕೆ ನಂಗೆ ಖುಷಿ ಸಾರ್, ಸುಳ್ಯಾಕೆ ಹೇಳ್ಲಿ? ಆದ್ರೆ ಮಾಡಿದ್ದು ನಾನಲ್ಲ."

ಲತಾಮಣಿಯ ಪಾರ್ಲರ್ ಎದುರಿನ ಬೇಕರಿಯ ಕ್ಯಾಮೆರಾ ಅವಳ ಮಾತನ್ನೇ ಹೇಳಿತು. ಅವಳು ಹೊಸಿಲು ದಾಟಿರಲಿಲ್ಲ.

ಜೀಪಿನಲ್ಲಿ ಶಾಂತಾದೇವಿ ಕೇಳಿದಳು, "ಸಾರ್, ಸ್ಪಾ ಮಾಡೋಕೆ ಗ್ಲೌಸ್ ಯಾಕೆ? ನಾನು ಮಾಡಿಸ್ತಿರ್ತೀನಲ್ಲ, ಬರೀ ಕೈಯಲ್ಲೇ ತಲೆ ತಿಕ್ತಾರೆ. ಗ್ಲೌಸ್ ಹಾಕೋದು ಕಲರ್ ಹಚ್ಚೋವಾಗ."

"ಬೇರೆ ಯಾರಿಗೋ ಕಲರ್ ಹಚ್ಚಿರಬಹುದು."

"ಬುಟ್ಟಿ ಬೆಳಿಗ್ಗೆ ಖಾಲಿ ಮಾಡಿದ್ರಂತೆ. ಆಮೇಲೆ ಕೂತಿದ್ದು ಲತಾಮಣಿ ಒಬ್ಬಳೇ."

ಅಂದರೆ ಬಟ್ಟಲಲ್ಲಿ ಏನಿದೆ ಎಂದು ದಾನಮ್ಮನಿಗೆ ಗೊತ್ತಿತ್ತು. ಆದರೆ ಯಾಕೆ? ಆ ಪ್ರಶ್ನೆ ಸಂಜೀವಯ್ಯನನ್ನು ರಾತ್ರಿಯಿಡೀ ಕೊರೆಯಿತು.

ಬುಧವಾರ ಬೆಳಿಗ್ಗೆ ದಾನಮ್ಮನನ್ನು ಠಾಣೆಗೆ ಕರೆಸಬೇಕಿತ್ತು. ಕೆಲಸಕ್ಕೆ ಬಂದ ಕೂಡಲೇ ಹುಡುಗಿಯರ ಮೊಬೈಲುಗಳನ್ನು ಲತಾಮಣಿ ಡ್ರಾಯರಿನಲ್ಲಿ ಹಾಕಿ ಬೀಗ ಜಡಿಯುತ್ತಿದ್ದಳು. ಹಾಗಾಗಿ ಶಾಂತಾದೇವಿ ಪಾರ್ಲರಿನ ನಂಬರಿಗೇ ಫೋನ್ ಮಾಡಿದಳು. ದಾನಮ್ಮನನ್ನು ಕರೆಯಿರಿ ಎಂದದ್ದಕ್ಕೆ ರಿಸೆಪ್ಷನ್ ಹುಡುಗಿ ಥಟ್ಟನೆ ಹೇಳಿದಳು: "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಮೇಡಂ."

ಸಂಜೀವಯ್ಯ ಫೋನ್ ಕಿತ್ತುಕೊಂಡ. "ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ನಿನ್ನೆ ನಿನ್ನ ಎದುರಿಗೇ ಹೇಳಿಕೆ ಬರ್ಕೊಂಡಿದೀನಿ. ಇಲ್ಲ ಅಂದ್ರೇನಮ್ಮ?"

"ಸಾರಿ ಸಾರ್... ಮೇಡಂ ಹಾಗೇ ಹೇಳೋಕೆ ಹೇಳಿದಾರೆ. ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ. ಅವಳ ಅಣ್ಣ ಮಾಡಿದಾಗ್ಲೂ..." ಹುಡುಗಿ ನಾಲಿಗೆ ಕಚ್ಚಿಕೊಂಡಳು.

"ಅಣ್ಣ ಮಾಡಿದಾಗ? ಹೇಳು."

"ಅಮ್ಮನಿಗೆ ತುಂಬಾ ಸೀರಿಯಸ್ ಅಂತ ಒಂದೇ ದಿನ ಮೂರು ಸಲ ಮಾಡಿದ್ರು ಸಾರ್. ಮೇಡಂ ಪಕ್ಕದಲ್ಲೇ ಇದ್ರು. ಮದುವೆ ಸೀಸನ್ನು, ಕಳಿಸಿದ್ರೆ ಕೆಲಸ ನಿಲ್ಲುತ್ತೆ, ಯಾರೂ ಇಲ್ಲ ಅನ್ನು ಅಂದ್ರು."

ಈ ಕೇಸಿನಲ್ಲಿ ಮೊದಲ ಬಾರಿಗೆ ಸಂಜೀವಯ್ಯನಿಗೆ ದೂರುದಾರಳ ಮೇಲೆ ಸಿಟ್ಟು ಬಂತು.

ಹನ್ನೊಂದಕ್ಕೆ ಶಾಂತಾದೇವಿ ದಾನಮ್ಮನನ್ನು ಕರೆತಂದಳು.

"ಅಮ್ಮ ಯಾವಾಗ ತೀರಿಕೊಂಡ್ರು?"

ದಾನಮ್ಮ ತಲೆ ಎತ್ತಿದಳು. ಈ ಪ್ರಶ್ನೆಗೇ ಕಾದಿದ್ದವಳಂತೆ ನೆಟ್ಟಗೆ ಕೂತಳು. "ಹೋದ ತಿಂಗಳರಿ. ರಾತ್ರಿ ಮೊಬೈಲ್ ಕೈಗೆ ಬಂದ ಮ್ಯಾಲ ನಾ ಸುದ್ದಿ ಕೇಳಿ ಊರಿಗೆ ಹೋಗೂದ್ರಾಗ ಮಣ್ಣ ಮುಗದಿತ್ತು. ಅವ್ವ ಕಡೀತನ ನನ್ನ ಹೆಸರ ಹಿಡದ ಕರದಾಳ್ರಿ. ಅಣ್ಣ ಬಾಗಲಾಗ ನಿಲ್ಲಿಸಿ, ಬೆಂಗಳೂರಾಗ ನೀ ಹೆಸರೂ ಬದಲಿ ಮಾಡ್ಕೊಂಡಿ, ನಮ್ಮನ್ನೂ ಬಿಟ್ಟಿ ಅಂದ. ಮಾತ ಬಿಟ್ಟಾನ."

"ನೀನು ಲತಾಮಣಿನ ಕೇಳಲಿಲ್ವಾ?"

"ಕಾಲ ಹಿಡದ ಕೇಳೇನ್ರಿ. ಅಣ್ಣಗ ಒಂದ ಫೋನ್ ಮಾಡ್ರಿ, ತಪ್ಪ ನಂದಲ್ಲ ಅಂತ ಹೇಳ್ರಿ ಅಂದೆ. ನಕ್ಕಳು. ದಾನಮ್ಮ ಅನ್ನೋಳಿಗೆ ನಾನು ಸಂಬಳ ಕೊಡ್ತಿಲ್ಲ ಅಂದಳು." ದಾನಮ್ಮ ಹಲ್ಲು ಕಚ್ಚಿದಳು. "ಅವತ್ತ ನಿರ್ಧಾರ ಮಾಡಿದೆ. ಹುಲಿಗೆವ್ವಕ್ಕ ಬಂದು ಬೈದ ಹೋದ್ಲಲ್ರಿ, ಸಂಶೆ ಆಕಿ ಮ್ಯಾಲ ಹೋಗತೈತಿ ಅಂದ್ಕೊಂಡು ಮರುದಿನಾನ ಹಚ್ಚಿದೆ. ಆಕಿನ್ನ ಎಳದದ್ದಷ್ಟ ತಪ್ಪು. ಉಳದದ್ದು ತಪ್ಪಲ್ಲ."

"ಆ ಕಡೆ ಮತ್ತೆ ಕೂದಲು ಬರೋದು ಕಷ್ಟ ಅಂದಿದಾರೆ ಡಾಕ್ಟ್ರು."

"ಬರಬಾರದು ರೀ."

ಅವಳ ಕೋಣೆಯಲ್ಲಿ ಸಿಕ್ಕ ಕ್ರೀಮಿನ ಖಾಲಿ ಟ್ಯೂಬನ್ನು ಪಂಚರ ಎದುರು ವಶಪಡಿಸಿಕೊಂಡಾಯಿತು. ಸಂಜೆ ಬಂಧನದ ಕಾಗದಗಳು ತಯಾರಾದವು. ಬಂಧಿತರ ಮನೆಯವರಿಗೆ ತಿಳಿಸಬೇಕೆಂಬುದು ಕಾನೂನು. ಆ ಫೋನನ್ನು ಸಂಜೀವಯ್ಯ ತಾನೇ ಮಾಡಿದ.

"ಸಂಗಮೇಶ ಅವರಾ? ನಿಮ್ಮ ತಂಗಿ ದಾನಮ್ಮನ್ನ ಅರೆಸ್ಟ್ ಮಾಡಿದೀವಿ."

"ನನಗ ತಂಗಿ ಇಲ್ರಿ. ಅವ್ವನ ಕೂಡನ ಆಕಿನೂ ಹೋದ್ಲು."

"ಫೋನ್ ಇಡಬೇಡಿ." ಸಂಜೀವಯ್ಯ ಎಲ್ಲವನ್ನೂ ಹೇಳಿದ. ಮೂರು ಕರೆ, ಪಕ್ಕದಲ್ಲಿ ಕೂತಿದ್ದ ಒಡತಿ, ಕಾಲು ಹಿಡಿದದ್ದು, ಕ್ರೀಮು. ಇಷ್ಟೆಲ್ಲ ಹೇಳಬೇಕೆಂದು ಕಾನೂನಿನಲ್ಲಿ ಇರಲಿಲ್ಲ.

"ಆ ಹೆಣ್ಣಮಗಳ ತಲಿ ಪೂರ್ತಿ ಬೋಳಾತೇನ್ರಿ?"

"ಅರ್ಧ."

"ಅರ್ಧ ಸಾಲೂದಿಲ್ರಿ. ನಮ್ಮ ದಾನವ್ವನ ಕೈಯಾಗ ಫೋನ್ ಕೊಡ್ರಿ."

ಇಡೀ ದಿನ ಒಂದು ಹನಿ ಕಣ್ಣೀರು ಹಾಕದ ದಾನಮ್ಮ ಫೋನ್ ಕಿವಿಗಿಟ್ಟವಳೇ ನೆಲಕ್ಕೆ ಕುಸಿದು ಅತ್ತಳು. ಅಣ್ಣ ತಂಗಿಯ ಮಾತು ಮುಗಿಯುವ ತನಕ ಸಂಜೀವಯ್ಯ ಕಾಗದಗಳಿಗೆ ಸಹಿ ಹಾಕಲಿಲ್ಲ.